ಕೌದಿಯ ಕೋಣೆ, ಒಂದೇ ಸ್ಪೀಕರು: ಹಾಡೊಂದನ್ನು ಮಿಕ್ಸ್ ಮಾಡಿದ ನನ್ನ ಅನುಭವ

ಎರಡು ಅಕೌಸ್ಟಿಕ್ ಗಿಟಾರು, ತಂಗಿಯ ಕಂಠ, ನಾಲ್ಕು ನಿಮಿಷದ ಹಾಡು. ಇಷ್ಟನ್ನು ಮಿಕ್ಸ್ ಮಾಡಿ, ಅಂದರೆ ಬೇರೆ ಬೇರೆಯಾಗಿ ಹಿಡಿದ ದನಿಗಳನ್ನು ಹದವಾಗಿ ಬೆರೆಸಿ, ಮುಗಿಸಲು ನನಗೆ ಸುಮಾರು ಐದು ತಿಂಗಳು ಹಿಡಿಯಿತು. ಸ್ಟುಡಿಯೊದಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಮೊದಲ ಮಿಕ್ಸನ್ನು ಕೇಳಿ, "ಮನಿ ಖೋಲ್ಯಾಗ ಮಾಡಿದ್ದು ಡೆಮೊ ಆಗ್ತದ, ಹಾಡ ಆಗೂದಿಲ್ಲ" ಎಂದಿದ್ದ. ಆ ಮಾತಿಗೆ ಹೆದರಿ ಹೊರಗೊಂದು ಕಡೆ ಎಂಟು ಸಾವಿರ ರೂಪಾಯಿ ಕೊಟ್ಟು ಮಿಕ್ಸ್ ಮಾಡಿಸಿದೆ; ಮರಳಿ ಬಂದ ಫೈಲಿನಲ್ಲಿ ತಂಗಿ ಬಾವಿಯೊಳಗೆ ನಿಂತು ಹಾಡಿದಂತಿತ್ತು.

ಅನಂತರ ಇಪ್ಪತ್ತೆರಡು ಸಾವಿರದ ಆಸುಪಾಸಿನಲ್ಲಿ ಒಂದು ಜೊತೆ ಮಾನಿಟರ್ (ಮಿಕ್ಸಿಂಗಿಗೆಂದೇ ಇರುವ ಸ್ಪೀಕರು) ಕೊಂಡೆ. ನನ್ನ ಕೋಣೆ ಹತ್ತಡಿಗೆ ಹತ್ತಡಿಯ ಚಚ್ಚೌಕವಾದ್ದರಿಂದ ಎದುರುಬದುರಿನ ಎರಡೂ ಜೊತೆ ಗೋಡೆಗಳು 56 ಮತ್ತು 112 ಹರ್ಟ್ಸ್‌ನ ತಗ್ಗು ಸ್ವರಗಳ (ಬೇಸ್) ಸುತ್ತ ಒಟ್ಟಿಗೇ ಗುಂಯ್‌ಗುಡುತ್ತವೆ. ಗಿಟಾರಿನ ಒಡಲು ಕೂಡ 100 ಹರ್ಟ್ಸ್‌ನ ಹತ್ತಿರವೇ ಮೊಳಗುತ್ತದೆ. ಕೇಳಿಸಿದಷ್ಟನ್ನೂ ನಂಬಿ ಬೇಸ್ ಕತ್ತರಿಸಿದೆ. ಕಾರಿನಲ್ಲಿ ಹಾಕಿ ನೋಡಿದರೆ ಗಿಟಾರು ತಗಡಿನ ಡಬ್ಬಿಯಾಗಿತ್ತು.

ಕೊನೆಗೆ ಒಂದು ಸ್ಪೀಕರನ್ನು ಕಪಾಟಿಗೆ ಸೇರಿಸಿ, ಉಳಿದೊಂದರಲ್ಲಿ, ಪಕ್ಕದ ಕೋಣೆಯ ಮಾತು ಕೇಳಿಸುವಷ್ಟು ಸಣ್ಣ ದನಿಯಲ್ಲಿ, ಪೂರ್ತಿ ಮೋನೋದಲ್ಲಿ, ಅಂದರೆ ಎಡ-ಬಲದ ದನಿಗಳನ್ನು ಒಂದಾಗಿಸಿ, ಮಿಕ್ಸ್ ಮಾಡತೊಡಗಿದೆ. ಗೆಳೆಯ ಇದಕ್ಕೂ ನಕ್ಕ. ಆದರೆ ಮೊದಲ ದಿನವೇ ಒಂದು ಕಳ್ಳತನ ಸಿಕ್ಕಿಬಿತ್ತು: ಕುತ್ತಿಗೆಯ ಹನ್ನೆರಡನೆಯ ಫ್ರೆಟ್ಟಿನ (ಲೋಹದ ಅಡ್ಡಪಟ್ಟಿಯ) ಬಳಿ ಒಂದು, ತಂತಿಗಳ ಬುಡದ ಬ್ರಿಜ್ಜಿನ ಬಳಿ ಒಂದು ಎಂದು ಎರಡು ಮೈಕಿಟ್ಟು ಹಿಡಿದಿದ್ದ ಗಿಟಾರಿನ ಮೈಯೇ, ಎರಡರ ಅಲೆಗಳು ಒಂದನ್ನೊಂದು ಅಳಿಸಿಕೊಂಡು, ಮೋನೋದಲ್ಲಿ ಮಾಯವಾಗುತ್ತಿತ್ತು. ಒಂದು ಮೈಕಿನ ಪೊಲಾರಿಟಿ (ಅಲೆಯ ಏರಿಳಿತದ ದಿಕ್ಕು) ತಿರುಗಿಸಿದರೆ ಅರ್ಧ ಮರಳಿತು. ಮೂರು ವಾರ ಒದ್ದಾಡಿ, ಬ್ರಿಜ್ಜಿನ ಟ್ರ್ಯಾಕನ್ನು ಅಳಿಸಿಯೇಬಿಟ್ಟೆ.

ಎರಡನೆಯ ಗಿಟಾರನ್ನು ಹೊಸದಾಗಿ ನುಡಿಸಿದೆ. ಹಾಡು ಡಿ ಮೇಜರಿನಲ್ಲಿದೆ. ಮೊದಲನೆಯದು ತೆರೆದ ಕಾರ್ಡುಗಳಲ್ಲಿ, ಎರಡನೆಯದು ಏಳನೆಯ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ ಜಿ ಮೇಜರಿನ ಬೆರಳಾಕಾರಗಳಲ್ಲಿ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸರಿಸಿದಾಗ ಯಾವ ಸಾಫ್ಟ್‌ವೇರ್ ಪ್ಲಗಿನ್ನೂ ಕೊಡದ ಅಗಲ ಸಿಕ್ಕಿತು. ನಡುವೆ, ದಪ್ಪ ತಂತಿಗಳ ಬದಲು ಒಂದು ಸ್ಥಾಯಿ ಮೇಲೆ ನುಡಿಯುವ ತೆಳುತಂತಿ ಕಟ್ಟುವ ನ್ಯಾಶ್‌ವಿಲ್ ಟ್ಯೂನಿಂಗನ್ನೂ ಪರೀಕ್ಷಿಸಿದೆ. ಹನ್ನೆರಡು ತಂತಿಯ ಸೆಟ್ಟಿನಿಂದ ತೆಳುತಂತಿಗಳನ್ನು ಆರಿಸಿ ಕಟ್ಟಿದ್ದು ಚೆನ್ನಾಗಿಯೇ ಮಿನುಗಿತು, ಆದರೆ ತಂಗಿಯ 'ಸ'ಕಾರಗಳ ಮೇಲೆಯೇ ಬಂದು ಕುಳಿತುಕೊಂಡಿತು. ಗಿಟಾರುಗಳಲ್ಲಿ 250 ಹರ್ಟ್ಸ್‌ನ ಬಳಿ ಮೂರು ಡೆಸಿಬಲ್, 3 ಕಿಲೋಹರ್ಟ್ಸ್‌ನ ಬಳಿ ಎರಡು ಇಳಿಸಿದ್ದಷ್ಟೇ ನಾನು ಮಾಡಿದ ಈಕ್ಯೂ (ಸ್ವರಮಟ್ಟಗಳ ಏರಿಳಿಕೆ).

ಕಂಠಕ್ಕಾಗಿ ಮೊದಲು ಜೋಳದ ಚೀಲಗಳಿದ್ದ ಒಳಕೋಣೆಯಲ್ಲಿ ಮೈಕಿಟ್ಟೆ. ದನಿಗೆ ಜೀವವೇ ಇರಲಿಲ್ಲ, ಮೇಲಾಗಿ ತಂಗಿ ಸೀನಿದ್ದೇ ಸೀನಿದ್ದು. ಅವಳ ಬೆನ್ನ ಹಿಂದೆ ಮತ್ತು ಎರಡೂ ಬದಿಗೆ ಅವ್ವ ಹೊಲಿದ ಐದು ಕೌದಿ ಇಳಿಬಿಟ್ಟು, ಎಸ್‌ಎಂ58 ಮೈಕಿನಿಂದ ಒಂದು ಗೇಣು ದೂರ ನಿಲ್ಲಿಸಿದಾಗ ಬೇಕಾದದ್ದು ಬಂತು.

ನಿಜವಾದ ಕೆಲಸವಿದ್ದದ್ದು ಸಾಲುಗಳ ತುದಿಯಲ್ಲಿ. ನಮ್ಮ ಶಬ್ದಗಳು ಸ್ವರದಲ್ಲಿ ಮುಗಿಯುತ್ತವೆ, ಅಲ್ಲಿಗೆ ಹಾಡುವವರ ಉಸಿರೂ ಮುಗಿದಿರುತ್ತದೆ. "ಹೊಸಿಲು" ಎಂಬಲ್ಲಿ 'ಲು' ಗಿಟಾರಿನಡಿ ಹೂತುಹೋಗಿ "ಹೊಸಿ" ಎಂದಷ್ಟೇ ಕೇಳಿಸುತ್ತಿತ್ತು. ದೊಡ್ಡ ದನಿಯನ್ನು ತಗ್ಗಿಸಿ ಸಣ್ಣದರ ಸಮೀಪಕ್ಕೆ ತರುವ ಕಂಪ್ರೆಸರ್ ಬಿಗಿಗೊಳಿಸಿದರೆ 'ಲು' ಮೇಲೇಳುವುದರ ಜೊತೆಗೆ ಉಸಿರಾಟ, ಬೀದಿಯ ಆಟೊ ಎಲ್ಲವೂ ಎದ್ದವು. ಆದ್ದರಿಂದ ಕಂಪ್ರೆಸರಿಗೆ ಹೋಗುವ ಮೊದಲೇ ಒಂದೊಂದು ತುದಿಯಕ್ಷರವನ್ನೂ ಕೈಯಿಂದ ಮೂರು ನಾಲ್ಕು ಡೆಸಿಬಲ್ ಎತ್ತಿದೆ, ಉಸಿರುಗಳನ್ನು ಅಳಿಸದೆ ಆರರಷ್ಟು ತಗ್ಗಿಸಿದೆ. ಇನ್ನೂರಕ್ಕೂ ಹೆಚ್ಚು ತಿದ್ದುಪಡಿಗಳು, ಒಂಬತ್ತು ರಾತ್ರಿಗಳು. ಆಮೇಲೆ ಕಂಪ್ರೆಸರಿಗೆ ಉಳಿದದ್ದು ಎರಡು ಡೆಸಿಬಲ್‌ನ ಕೆಲಸ. ರಿವರ್ಬಿಗೆ (ಕೃತಕ ಮಾರ್ದನಿಗೆ) ಕಳುಹಿಸುವ ಮುನ್ನ ಕಂಠಕ್ಕೆ ನಾನು ಮಾಡುವ ಇನ್ನೊಂದು ಸಣ್ಣ ಕೈಚಳಕವಿದೆ. ಅದನ್ನು ಗೆಳೆಯನಿಗೇ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಮುಗಿದ ಹಾಡನ್ನು ಅವನಿಗೆ ಫೋನಿನ ಸ್ಪೀಕರಿನಲ್ಲೇ ಕೇಳಿಸಿದೆ. ಎರಡು ಸಲ ಕೇಳಿ, "ಗಿಟಾರ್ ಎಷ್ಟು ಟ್ರ್ಯಾಕ್ ಅದಾವು?" ಎಂದ. ಎರಡೇ ಎಂದರೆ ನಂಬಲಿಲ್ಲ. ಪ್ರಾಜೆಕ್ಟನ್ನೇ ತೆರೆದು ತೋರಿಸಬೇಕಾಯಿತು. ಕಪಾಟಿನಲ್ಲಿದ್ದ ಆ ಇನ್ನೊಂದು ಸ್ಪೀಕರನ್ನು ಈಗ ಅವನೇ ಐದು ಸಾವಿರಕ್ಕೆ ಕೇಳುತ್ತಿದ್ದಾನೆ. ಏಳಕ್ಕೆ ಕಡಿಮೆ ಕೊಡುವುದಿಲ್ಲವೆಂದು ಹೇಳಿದ್ದೇನೆ.