ಸಾವನದುರ್ಗದ ಬುಡದಲ್ಲಿ ಕೂತು ಚಿತ್ರ ಬರೆಯೋಣ

ಫೋಟೊ ನೋಡಿ ಬರೆದರೆ ಬಂಡೆ ಬರೀ ಬೂದು ಬಣ್ಣ. ಎದುರಿಗೇ ಕೂತು ನೋಡಿ, ಆ ಬೂದು ಬಣ್ಣದೊಳಗೇ ನಸುಗೆಂಪು, ನೀಲಿ, ಹಸಿರು ಕಾಣತೊಡಗುತ್ತವೆ. ಇದಕ್ಕಾಗಿಯೇ ನಾಲ್ಕು ಜನರನ್ನು ಕಟ್ಟಿಕೊಂಡು ಬೆಟ್ಟದ ಕಡೆ ಹೋಗಬೇಕು. ಬೆಂಗಳೂರಿನವರಿಗೆ ನಾನು ಮೊದಲು ಹೇಳುವ ಜಾಗ ಮಾಗಡಿ ತಾಲ್ಲೂಕಿನ ಸಾವನದುರ್ಗ. ದೂರ ಸುಮಾರು 60 ಕಿ.ಮೀ. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಗುಡ್ಡ ಅಕ್ಕಪಕ್ಕದಲ್ಲೇ ಇವೆ. ಚಿತ್ರ ಬರೆಯುವವರಿಗೆ ಇನ್ನೇನು ಬೇಕು, ಅಲ್ವಾ?

ಗುಂಪಿನಲ್ಲಿ ಆರರಿಂದ ಹತ್ತು ಜನ ಇದ್ದರೆ ಸಾಕು. ಜಾಸ್ತಿಯಾದರೆ ಮಾತೇ ಮುಂದಾಗುತ್ತದೆ. ಹೊಸಬರನ್ನೂ ಸೇರಿಸಿಕೊಳ್ಳಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಉಳಿಯಲು ಹತ್ತಿರದ ಊರಿನಲ್ಲಿ ಹೋಂಸ್ಟೇ ನೋಡಿ. ಇದು ಅರಣ್ಯ ಇಲಾಖೆಯ ಕಾಡು. ಹಾಗಾಗಿ ಎಲ್ಲಿ ಕೂರಬಹುದು, ಹತ್ತಲು ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಸಾಮಾನು ಕಡಿಮೆ ಇರಲಿ. ಜಲವರ್ಣದ ಚಿಕ್ಕ ಡಬ್ಬಿ, ಎರಡು ಬ್ರಷ್, 300 ಜಿಎಸ್‌ಎಂನ ದಪ್ಪ ಕಾಗದ, ಕ್ಲಿಪ್ ಹಾಕಿದ ರಟ್ಟು, ಮಡಚುವ ಸ್ಟೂಲು, ಟೋಪಿ. ಕುಡಿಯುವ ನೀರು ಬೇರೆ, ಬ್ರಷ್ ತೊಳೆಯುವ ನೀರು ಬೇರೆ. ಕಾಗದ ಎ4 ಅಳತೆಗಿಂತ ದೊಡ್ಡದು ಬೇಡ. ಬಯಲಿನಲ್ಲಿ ದೊಡ್ಡ ಹಾಳೆ ತುಂಬಿಸುವಷ್ಟರಲ್ಲಿ ಬೆಳಕೇ ಬದಲಾಗಿರುತ್ತದೆ.

ಬೆಳಿಗ್ಗೆ ಏಳಕ್ಕೆಲ್ಲ ಜಾಗ ಹಿಡಿಯಿರಿ. ಎಲ್ಲರೂ ಒಂದೇ ನೋಟದ ಎದುರು ಕೂರುವುದು ನನಗೆ ಇಷ್ಟ. ಸಂಜೆ ಹೋಲಿಸಿ ನೋಡುವಾಗ ಕಲಿಯಲು ಸಿಗುವುದು ಅದರಿಂದಲೇ. ಮೊದಲ ಕಾಲು ಗಂಟೆ ಬ್ರಷ್ ಮುಟ್ಟಬೇಡಿ, ಸುಮ್ನೆ ನೋಡಿ. ಆಮೇಲೆ ಪೆನ್ಸಿಲ್‌ನಲ್ಲಿ ನೆರಳಿನ ಅಂಚನ್ನು ಗುರುತಿಸಿ. ಬಿಸಿಲು ಏರಿದಂತೆ ನೆರಳು ಸರಿಯುತ್ತದೆ, ನೀವು ಅದರ ಹಿಂದೆ ಓಡಬೇಡಿ. ಗುರುತು ಹಾಕಿದ್ದಕ್ಕೇ ಅಂಟಿಕೊಳ್ಳಿ.

ಬಂಡೆಗೆ ಡಬ್ಬಿಯ ಕಪ್ಪು ಬಳಸಬೇಡಿ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸಿ. ನೀಲಿ ಜಾಸ್ತಿಯಾದರೆ ನೆರಳಿನ ಬೂದು, ಕಂದು ಜಾಸ್ತಿಯಾದರೆ ಬಿಸಿಲು ಬಿದ್ದ ಬೂದು. ಬಂಡೆಯ ಮೈಮೇಲೆ ಮೇಲಿಂದ ಕೆಳಕ್ಕೆ ಇಳಿದ ಕರಿ ಪಟ್ಟೆಗಳನ್ನು ಗಮನಿಸಿ. ಮಳೆನೀರು ಹರಿಯುವ ಜಾಡಿನಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಬೆಳೆದು ಆದ ಬಣ್ಣ ಅದು. ಮೊದಲ ಲೇಪ ಇನ್ನೂ ತೇವ ಇರುವಾಗಲೇ ಈ ಪಟ್ಟೆಗಳನ್ನು ಎಳೆದರೆ ಅಂಚು ತಾನಾಗಿ ಹರಡಿ ಬಂಡೆಯ ದುಂಡುತನ ಬರುತ್ತದೆ. ಹಾಳೆ ಮಾತ್ರ ನೆರಳಿನಲ್ಲಿರಲಿ. ಬಿಸಿಲಿನಲ್ಲಿಟ್ಟು ಬರೆದರೆ ಕಣ್ಣು ಮೋಸ ಹೋಗಿ ಬಣ್ಣ ಗಾಢವಾಗಿ ಬೀಳುತ್ತದೆ, ಮನೆಗೆ ತಂದಾಗ ಚಿತ್ರ ಕಪ್ಪಗೆ ಕಾಣುತ್ತದೆ.

ಹನ್ನೊಂದರ ಹೊತ್ತಿಗೆ ನೆರಳು ಕುಗ್ಗಿ ಬೆಳಕು ಚಪ್ಪಟೆಯಾಗುತ್ತದೆ. ಆಗ ಎದ್ದುಬಿಡಿ. ಊಟ, ನಿದ್ದೆ, ಮತ್ತೆ ನಾಲ್ಕಕ್ಕೆ ಕೂತರಾಯಿತು. ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಬೆಂಕಿ, ಹೊಗೆ, ಘಾಟು ಸೆಂಟು ಯಾವುದೂ ಬೇಡ.

ಸಂಜೆ ಹಾಳೆಗಳನ್ನೆಲ್ಲ ಗೋಡೆಗೆ ಒರಗಿಸಿಡಿ. ಬರೆದವರು ಸುಮ್ಮನಿರಲಿ, ಉಳಿದವರು ತಮಗೆ ಮೊದಲು ಕಂಡದ್ದನ್ನು ಹೇಳಲಿ. ‘ಚೆನ್ನಾಗಿದೆ’ ಅಂದರೆ ಸಾಲದು. ಎಲ್ಲಿ, ಯಾಕೆ ಅನ್ನುವುದನ್ನು ಬಿಡಿಸಿ ಹೇಳಬೇಕು.

ಬ್ರಷ್ ತೊಳೆದ ನೀರನ್ನು ಕೆರೆಗೂ ಗಿಡದ ಬುಡಕ್ಕೂ ಸುರಿಯಬೇಡಿ. ಕೆಲವು ಹಳದಿ, ಕೆಂಪು ಬಣ್ಣಗಳಲ್ಲಿ ಕ್ಯಾಡ್ಮಿಯಂ ಅನ್ನುವ ವಿಷಕಾರಿ ಲೋಹ ಇರುತ್ತದೆ. ಮುಚ್ಚಳ ಗಟ್ಟಿ ಇರುವ ಬಾಟಲಿಯಲ್ಲಿ ತುಂಬಿ ವಾಪಸ್ ತನ್ನಿ.