ಬೃಹತ್ ಸೌರ, ಪವನ ವಿದ್ಯುತ್ ಯೋಜನೆಯ ಕರಡನ್ನು ಓದಿ ಆಕ್ಷೇಪಣೆ ಸಲ್ಲಿಸುವುದು ಹೇಗೆ

ಸರ್ಕಾರವು ನವೀಕರಿಸಬಹುದಾದ ಇಂಧನದ ಕರಡು ಯೋಜನೆಯನ್ನು ಪ್ರಕಟಿಸಿದಾಗ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಮೆಗಾವ್ಯಾಟ್ ಸಂಖ್ಯೆ. ಬೆಂಗಳೂರಿನ ಬಳಕೆದಾರರು ಮೊದಲು ಆ ಸಂಖ್ಯೆಯನ್ನು ಯೂನಿಟ್ಟಿಗೆ ಇಳಿಸಿಕೊಳ್ಳಬೇಕು. ವರ್ಷಕ್ಕೆ 8,760 ಗಂಟೆ. ಸೌರ ಸ್ಥಾವರವೊಂದು ತನ್ನ ಪೂರ್ಣ ಸಾಮರ್ಥ್ಯದ ಶೇ. 20ರಷ್ಟನ್ನು ಸರಾಸರಿಯಾಗಿ ಉತ್ಪಾದಿಸುತ್ತದೆಂದು ಹಿಡಿದರೆ, 1 ಮೆಗಾವ್ಯಾಟ್ ವರ್ಷಕ್ಕೆ ಸುಮಾರು 17.5 ಲಕ್ಷ ಯೂನಿಟ್ ಕೊಡುತ್ತದೆ. ಕರಡಿನಲ್ಲಿ ಹೇಳಿದ ಉತ್ಪಾದನೆ ಈ ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರೆ, ಅದಕ್ಕೆ ಆಧಾರವೇನೆಂದು ಕೇಳುವುದೇ ನಿಮ್ಮ ಮೊದಲ ಪ್ರಶ್ನೆಯಾಗಲಿ.

ನಂತರ ನೆಲದ ಅಧ್ಯಾಯವನ್ನು ತೆರೆಯಿರಿ. ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕಿಗಾಗಿ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆಯನ್ನೇ ನಂಬಿದ ಸೀಮೆಯಲ್ಲಿ ಭೂಮಿಯ ಒಡೆತನವನ್ನು ರೈತರಲ್ಲೇ ಉಳಿಸಿದ ಈ ಕ್ರಮ ಸ್ವಾಧೀನಕ್ಕಿಂತ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ಗುತ್ತಿಗೆಯ ಹಣ ಸೇರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಪತ್ರದಲ್ಲಿ ಜಾಗವಿಲ್ಲ. ಆದ್ದರಿಂದ ಹೊಸ ಕರಡಿನಲ್ಲಿ ಭೂಹೀನರ ಜೀವನೋಪಾಯಕ್ಕೆ ಪ್ರತ್ಯೇಕ ಹಣ ತೆಗೆದಿರಿಸಲಾಗಿದೆಯೇ, ಗೋಮಾಳವನ್ನು ಖಾಲಿ ಜಾಗವೆಂದು ಎಣಿಸಲಾಗಿದೆಯೇ, ಗುತ್ತಿಗೆ ಮುಗಿದ ಮೇಲೆ ಫಲಕಗಳನ್ನೂ ಕಾಂಕ್ರೀಟನ್ನೂ ಯಾರು ತೆಗೆಯಬೇಕು ಎಂಬುದನ್ನು ಸಾಲು ಸಾಲಾಗಿ ಹುಡುಕಿ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಡಿ ಸೌರ ಫಲಕದ ಸ್ಥಾವರಗಳಿಗೆ ಪರಿಸರ ಪೂರ್ವಾನುಮತಿ ಬೇಕಿಲ್ಲ, ಹಾಗಾಗಿ ಅದರ ಅಂಗವಾದ ಸಾರ್ವಜನಿಕ ಆಲಿಕೆಯೂ ನಡೆಯುವುದಿಲ್ಲ. ಕರಡಿನ ಹಂತದಲ್ಲಿ ಕೇಳದೆ ಬಿಟ್ಟ ಪ್ರಶ್ನೆಗೆ ಮುಂದೆ ವೇದಿಕೆ ಸಿಗುವುದು ಕಷ್ಟ.

ಸ್ಥಾವರ ಬೇಗ ಎದ್ದು ನಿಲ್ಲುತ್ತದೆ, ಹೈಟೆನ್ಷನ್ ಮಾರ್ಗ ಹೊಲಗಳನ್ನು ದಾಟಿ ಬರಲು ವರ್ಷಗಳು ಹಿಡಿಯುತ್ತವೆ. ಹಾಗಾಗಿ ಕರಡಿನ ಜಿಲ್ಲಾವಾರು ಗುರಿಯನ್ನು ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನ ಪ್ರಸರಣ ಯೋಜನೆಯೊಂದಿಗೆ ಹೋಲಿಸಿ, ಯಾವ ಸಬ್‌ಸ್ಟೇಷನ್ನಿಗೆ ಜೋಡಣೆ, ಅದು ಮುಗಿಯುವ ವರ್ಷ ಯಾವುದು ಎಂದು ಗುರುತು ಹಾಕಿಕೊಳ್ಳಿ.

ವಿದ್ಯುತ್ ಬರುವ ಹೊತ್ತೂ ಅಷ್ಟೇ ಮುಖ್ಯ. ನಗರದ ಮನೆಗಳಲ್ಲಿ ದೀಪ ಹೊತ್ತುವ ಹೊತ್ತಿಗೆ ಸೌರ ಉತ್ಪಾದನೆ ನಿಂತಿರುತ್ತದೆ. ಪಂಪ್‌ಸೆಟ್ಟುಗಳಿಗೆ ಹಗಲಿನಲ್ಲೇ ಪೂರೈಸುವುದು ಒಂದು ಪರಿಹಾರ, ಸಂಗ್ರಹಣೆ ಇನ್ನೊಂದು. ಸಂಗ್ರಹಣೆಗೂ ಬೆಲೆಯುಂಟು: ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಪ್ರಸ್ತಾಪಿಸಲಾದ 2,000 ಮೆಗಾವ್ಯಾಟ್ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ (ನೀರನ್ನು ಮೇಲಿನ ಜಲಾಶಯಕ್ಕೆತ್ತಿ, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವುದು) ಸಿಂಗಳೀಕಗಳ ಕಾಡನ್ನು ತಟ್ಟುತ್ತದೆ. ಬ್ಯಾಟರಿಯ ಆಯ್ಕೆಯನ್ನು ಅದರೊಂದಿಗೆ ಹೋಲಿಸಿ ನೋಡಿದ ಪುಟ ಕರಡಿನಲ್ಲಿ ಇರಲೇಬೇಕು.

ದಾಖಲೆ ಸಿಗದಿದ್ದರೆ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆಯಾದ ಕ್ರೆಡಲ್ ಅಥವಾ ಸಂಬಂಧಪಟ್ಟ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ನೆಲಕ್ಕೊಂದು, ಪ್ರಸರಣಕ್ಕೊಂದು ಎಂದು ಬೇರೆ ಬೇರೆಯಾಗಿ ಬರೆಯಿರಿ. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುವುದರಿಂದ ಕರಡು ಕೈಗೆ ಬಂದ ದಿನವೇ ಅರ್ಜಿ ಕಳುಹಿಸುವುದು ಒಳ್ಳೆಯದು.

ಯೋಜನೆಯ ವೆಚ್ಚ ಕೊನೆಗೆ ನಮ್ಮ ಬಿಲ್ಲಿಗೆ ಬರುವುದು ಬೆಂಗಳೂರಿನಲ್ಲಿರುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮೂಲಕ. ನಗರಕ್ಕೆ ವಿದ್ಯುತ್ ಪೂರೈಸುವ ಬೆಸ್ಕಾಂ ಕಂಪನಿ ಸಲ್ಲಿಸುವ ದರ ಅರ್ಜಿಯ ಮೇಲೆ ಅಲ್ಲಿ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಪ್ರಕಟಣೆಯಲ್ಲಿ ತಿಳಿಸಿದ ದಿನಾಂಕದೊಳಗೆ ಲಿಖಿತ ಆಕ್ಷೇಪಣೆ ಕೊಟ್ಟು, ಖುದ್ದಾಗಿ ಮಾತನಾಡಲು ಬಯಸುವುದಾಗಿ ಅದರಲ್ಲೇ ತಿಳಿಸಿ. ಪ್ರತಿ ಅಂಶಕ್ಕೂ ಕ್ರಮಸಂಖ್ಯೆ ಹಾಕಿ, ಅರ್ಜಿಯ ಪುಟಸಂಖ್ಯೆಯನ್ನು ನಮೂದಿಸಿ. ಆಯೋಗವು ತನ್ನ ದರ ಆದೇಶದಲ್ಲಿ ಆಕ್ಷೇಪಣೆಗಳನ್ನೂ ಅವಕ್ಕೆ ಕಂಪನಿ ಕೊಟ್ಟ ಉತ್ತರವನ್ನೂ ದಾಖಲಿಸುವುದರಿಂದ, ನಿಮ್ಮ ಯಾವ ಅಂಶಕ್ಕೆ ಉತ್ತರ ಬಂದಿಲ್ಲವೆಂಬುದು ಆದೇಶ ಕೈಗೆ ಬಂದಾಗ ಕೂಡಲೇ ತಿಳಿಯುತ್ತದೆ.