ಲಂಡನ್ನಿಗೆ ಹೊರಟ ಬಳ್ಳಾರಿ ಕಡೆಯವರಿಗೆ: ಬಸ್ಸು, ಟ್ಯೂಬಿನಲ್ಲಿ ಕಿಸೆ ಜೋಪಾನ

ಸೆಪ್ಟೆಂಬರ್ ಹತ್ತಿರವಾದಂತೆ ಬಳ್ಳಾರಿ, ಸಿಂಧನೂರು, ಗಂಗಾವತಿ ಕಡೆಯಿಂದ ಫೋನುಗಳು ಶುರುವಾಗುತ್ತವೆ. ಅಲ್ಲಿ ಸೋನಾ ಮಸೂರಿ ಸಿಗುತ್ತದಾ? ಶೇಂಗಾ ಚಟ್ನಿಪುಡಿ ಎಷ್ಟು ತರಬೇಕು? ಚಳಿ ತಡೆಯಲು ಆಗುತ್ತದಾ? ಎಲ್ಲ ಕೇಳುತ್ತಾರೆ, ಕಿಸೆಗಳ್ಳರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನಾನೇ ಮಾತು ತೆಗೆದರೆ, "ಅಲ್ಲೂ ಇದ್ದಾರಾ ಅಣ್ಣಾ?" ಅಂತಾರೆ. ಇದ್ದಾರೆ, ಚೆನ್ನಾಗೇ ಇದ್ದಾರೆ.

ಹುಲಿಗಿಯ ಹುಣ್ಣಿಮೆ ಗದ್ದಲದಲ್ಲಿ ನಮ್ಮವರು ದುಡ್ಡನ್ನು ಒಳಜೇಬಿಗೆ ಸೇರಿಸಿ, ಮೇಲೆ ಕೈ ಇಟ್ಟುಕೊಂಡೇ ನಡೆಯುತ್ತಾರೆ. ಆ ಎಚ್ಚರ ಇಲ್ಲೂ ಬೇಕು, ಆದರೆ ಅಷ್ಟೇ ಸಾಲದು. ಲಂಡನ್ ಬಸ್ಸುಗಳು ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿವೆ. ನೋಟು ಇಟ್ಟುಕೊಂಡು ಓಡಾಡುವವರೇ ಕಡಿಮೆ. ಹಾಗಾಗಿ ಕಳ್ಳನ ಕಣ್ಣು ಫೋನಿನ ಮೇಲೆ, ಅದೂ ನೀವು ಕೈಯಲ್ಲೇ ಹಿಡಿದು ನೋಡುತ್ತಿರುವ ಫೋನಿನ ಮೇಲೆ. ಬ್ಯಾಂಕು, ಮೇಲ್ ಎಲ್ಲ ಅದರಲ್ಲೇ ಇದೆ. ಬ್ರಿಟನ್ನಿನ ವೀಸಾ ಕೂಡ ಈಗ ಇ-ವೀಸಾ. ಕೈಗೆ ಕಾರ್ಡ್ ಕೊಡುವುದಿಲ್ಲ, ಆನ್‌ಲೈನ್ ಖಾತೆಯಲ್ಲಿರುತ್ತದೆ. ಅದನ್ನು ತೆರೆಯುವ ಕೋಡ್ ಬರುವುದೂ ಫೋನಿಗೆ ಇಲ್ಲವೇ ಮೇಲ್‌ಗೆ.

ಅದಕ್ಕೇ ಅರ್ಧ ಕೆಲಸ ಊರಲ್ಲೇ ಮುಗಿಸಿಕೊಂಡು ಬನ್ನಿ. ಮೊದಲು ಸಿಮ್. ನಮ್ಮ ಬ್ಯಾಂಕಿನ ಒಟಿಪಿ ಬರುವುದು ಊರಿನ ನಂಬರಿಗೆ, ಅಲ್ವಾ? ಕಳ್ಳ ಆ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅವನಿಗೇ ಹೋಗುತ್ತದೆ. ನಿಮ್ಮ ಫೋನಿಗೆ ಬೆರಳಚ್ಚಿನ ಲಾಕ್ ಇದ್ದರೂ ಆಗ ಪ್ರಯೋಜನವಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಸಿಮ್‌ಗೇ ಪಿನ್ ಹಾಕಿ. ಮೊದಲು ಕಂಪನಿಯ ಹಳೆ ಪಿನ್ ಕೇಳುತ್ತದೆ. ಅಂದಾಜಿನ ಮೇಲೆ ಒತ್ತಬೇಡಿ, ಮೂರು ಸಲ ತಪ್ಪಿದರೆ ಸಿಮ್ ಬಂದ್. ಬಳ್ಳಾರಿಯಲ್ಲಿದ್ದರೆ ಅಂಗಡಿಗೆ ಹೋಗಿ ಸರಿ ಮಾಡಿಸಬಹುದು, ಲಂಡನ್ನಿನಲ್ಲಿ ಕೂತು ಮಾಡಿಸುವುದು ದೊಡ್ಡ ತಲೆನೋವು. ಇ-ಸಿಮ್ ಮಾಡಿಸಿದರೆ ಇನ್ನೂ ಒಳ್ಳೆಯದು, ಕಿತ್ತು ತೆಗೆಯಲು ಬರುವುದಿಲ್ಲ.

ಆಮೇಲೆ *#06# ಒತ್ತಿ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ನೋಡಿಕೊಳ್ಳಿ. ಅದನ್ನೂ ಬ್ಯಾಂಕಿನ ಫೋನ್ ನಂಬರನ್ನೂ ಕಾಗದದ ಮೇಲೆ ಬರೆದು ಮನೆಯವರ ಕೈಗೆ ಒಂದು ಪ್ರತಿ ಕೊಡಿ. ಐಫೋನಿನಲ್ಲಿ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’, ಆಂಡ್ರಾಯ್ಡ್‌ನಲ್ಲಿ ‘ಥೆಫ್ಟ್ ಡಿಟೆಕ್ಷನ್ ಲಾಕ್’ ಆನ್ ಮಾಡಿ. ಬೆನ್ನ ಹಿಂದೆ ನಿಂತು ನಿಮ್ಮ ಪಿನ್ ನೋಡಿಕೊಂಡು, ಆಮೇಲೆ ಫೋನ್ ಎಗರಿಸುವವರಿದ್ದಾರೆ.

ಇನ್ನು ಟ್ಯೂಬ್, ಅಂದರೆ ನೆಲದಡಿಯ ರೈಲು. ಬಾಗಿಲ ಪಕ್ಕ ನಿಂತು ರೀಲ್ಸ್ ನೋಡಬೇಡಿ. ಬಾಗಿಲು ಮುಚ್ಚುವ ಸದ್ದಾದ ಕೂಡಲೇ ಫೋನ್ ಕಿತ್ತುಕೊಂಡು ಹೊರಗೆ ಹಾರುತ್ತಾರೆ. ನೀವು ಒಳಗೇ ಉಳಿಯುತ್ತೀರಿ, ರೈಲು ಹೊರಡುತ್ತದೆ. ಹತ್ತುವಾಗ ಮುಂದಿನವನು ಸುಮ್ನೆ ನಿಂತುಬಿಟ್ಟು, ಹಿಂದಿನವನು ಮೈಮೇಲೆ ಬಿದ್ದರೆ ಇಬ್ಬರೂ ಒಂದೇ ತಂಡದವರು ಇರಬಹುದು. ಬ್ಯಾಗನ್ನು ಎದೆಗೆ ತಂದುಕೊಳ್ಳಿ. ಗೇಟಿನ ಮುಂದೆ ಪರ್ಸ್ ಬಿಚ್ಚಬೇಡಿ, ಟಿಕೆಟ್ ಬದಲು ಬಳಸುವ ಆಯ್ಸ್ಟರ್ ಕಾರ್ಡ್ ಒಂದನ್ನೇ ಬೇರೆ ಜೇಬಿನಲ್ಲಿಡಿ. ಪಾಸ್‌ಪೋರ್ಟ್ ಮನೆಯಲ್ಲೇ ಇರಲಿ.

ನನ್ನ ಪ್ರಕಾರ ರೈಲಿಗಿಂತ ಸ್ಟೇಷನ್ನಿನ ಬಾಯಿ ಜಾಸ್ತಿ ಅಪಾಯ. ಹೊರಗೆ ಬಂದ ಹೊಸಬರು ಫುಟ್‌ಪಾತ್ ಅಂಚಿನಲ್ಲಿ ನಿಂತು ಮ್ಯಾಪ್ ತೆಗೆಯುತ್ತಾರೆ. ಎಲೆಕ್ಟ್ರಿಕ್ ಸೈಕಲ್ಲಿನವನು ಬಂದು ಕಸಿದು ಹೋಗಲು ಅಷ್ಟು ಸಾಕು. ದಾರಿಯನ್ನು ಸ್ಟೇಷನ್ ಒಳಗೇ ನೋಡಿಕೊಳ್ಳಿ, ಇಲ್ಲವೇ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ.

ಲ್ಯಾಂಬೆತ್ ಸೇತುವೆಯ ಹತ್ತಿರ, ಥೇಮ್ಸ್ ದಡದಲ್ಲಿ, 2015ರಲ್ಲಿ ನಿಲ್ಲಿಸಿದ ಬಸವಣ್ಣನವರ ಮೂರ್ತಿ ಇದೆ. ಬಂದವರೆಲ್ಲ ನೋಡಲು ಹೋಗುತ್ತೀರಿ, ಹೋಗಲೇಬೇಕು. ಆದರೆ ವೆಸ್ಟ್‌ಮಿನ್ಸ್ಟರ್ ಸೇತುವೆ ದಾಟುವಾಗ ಮೂರು ಬಟ್ಟಲು, ಒಂದು ಚೆಂಡಿನ ಆಟ ಕಂಡರೆ ನಿಲ್ಲಬೇಡಿ. ಗೆದ್ದು ಕುಣಿಯುವವನೂ ಅವರವನೇ. ನೋಡುತ್ತ ನಿಂತವರ ಜೇಬಿಗೆ ಕೈ ಹಾಕಲು ಬೇರೆಯವರಿರುತ್ತಾರೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಅಮ್ಮನ ಬೋರಮಾಳ ಸ್ವೆಟರ್ ಒಳಗಿರಲಿ.

ಇಷ್ಟಾಗಿಯೂ ಫೋನ್ ಹೋದರೆ ಬೆನ್ನು ಹತ್ತಬೇಡಿ. ಯಾರದಾದರೂ ಫೋನಿನಿಂದ ಮೊದಲು ಬ್ಯಾಂಕಿಗೆ ತಿಳಿಸಿ. ಇಲ್ಲಿನ ಬಹುತೇಕ ಬ್ಯಾಂಕುಗಳಿಗೆ 159 ಒತ್ತಿದರೆ ಸಾಕು. ಟ್ಯೂಬು, ರೈಲಿನಲ್ಲಿ ಆದದ್ದಕ್ಕೆ ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಪೊಲೀಸರಿಗೆ 61016ಕ್ಕೆ ಮೆಸೇಜ್ ಮಾಡಿ. ಬಸ್ಸಿನಲ್ಲೋ ರಸ್ತೆಯಲ್ಲೋ ಆದರೆ 101. ಪೆಟ್ಟಾಗಿದ್ದರೆ, ಕಳ್ಳ ಎದುರಿಗೇ ಇದ್ದರೆ 999. ಅವರು ಕೊಡುವ ದೂರಿನ ನಂಬರ್ ಬರೆದುಕೊಳ್ಳಿ, ವಿಮೆಗೆ ಬೇಕಾಗುತ್ತದೆ. ಊರಿನ ಖಾತೆಯಿಂದ ದುಡ್ಡು ಹೋಗಿದ್ದರೆ ಮನೆಯವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.

ಕೆಲವು ವಾರಗಳ ಮೇಲೆ ನಿಮ್ಮ ಫೋನು ಚೀನಾದ ಶೆಂಝೆನ್‌ನಲ್ಲಿದೆ ಅಂತ ಮ್ಯಾಪ್ ತೋರಿಸಿದರೂ ಅಚ್ಚರಿಪಡಬೇಡಿ. ಆ ಹೊತ್ತಿಗೆ "ನಿಮ್ಮ ಐಫೋನ್ ಸಿಕ್ಕಿದೆ, ಈ ಲಿಂಕಿನಲ್ಲಿ ಲಾಗಿನ್ ಆಗಿ" ಅಂತ ಮೆಸೇಜ್ ಬರಬಹುದು, ಕೆಲವೊಮ್ಮೆ ಬೆದರಿಕೆಯೂ ಬರುತ್ತದೆ. ಲಾಕ್ ಬಿಚ್ಚಿಸಲು ಕಳ್ಳರು ಹೂಡುವ ಆಟ ಅದು. ನಿಮ್ಮ ಆಪಲ್ ಇಲ್ಲವೇ ಗೂಗಲ್ ಖಾತೆಯಿಂದ ಆ ಫೋನನ್ನು ತೆಗೆದುಹಾಕಬೇಡಿ. ಇದನ್ನು ವಿಮಾನ ಹತ್ತುವ ಮುಂಚೆಯೇ ಮನೆಯವರಿಗೂ ಹೇಳಿಟ್ಟಿರಿ. ಅಂಥ ಮೆಸೇಜ್ ಅವರ ಫೋನಿಗೂ ಬರುತ್ತದೆ.